ಗದ್ದೆಗೆ ಬಂದ ಮರಳು: ಎಂಡ್ಯೂರೋ ಪಂದ್ಯ ಮತ್ತು ಕನ್ನಡ ಗದ್ಯ

ಮಣ್ಣುದಾರಿಯ ಮೋಟಾರ್‌ಸೈಕಲ್ ಪಂದ್ಯಗಳ ಬಗ್ಗೆ ಕನ್ನಡದಲ್ಲಿ ಬಂದ ವರದಿಗಳನ್ನು ಒಂದರ ಪಕ್ಕ ಒಂದಿಟ್ಟು ಓದುತ್ತಾ ಹೋದರೆ ಸ್ವಲ್ಪ ಹೊತ್ತಿಗೇ ಒಂದು ಕೊರತೆ ಕಣ್ಣಿಗೆ ಬೀಳುತ್ತದೆ. ಅವುಗಳಲ್ಲಿ ಸವಾರನಿದ್ದಾನೆ, ಬೈಕಿದೆ, ಬೈಕಿನ ಕಂಪನಿಯ ಹೆಸರಿದೆ, ಎಷ್ಟನೆಯ ಸ್ಥಾನ ಎಂಬ ಅಂಕಿಯಿದೆ. ನೆಲ ಇಲ್ಲ.

2015ರಲ್ಲಿ ಬೆಂಗಳೂರಿನ ಸಿ. ಎಸ್. ಸಂತೋಷ್ ಡಕಾರ್ ರ‍್ಯಾಲಿಯನ್ನು 36ನೆಯವರಾಗಿ ಮುಗಿಸಿದರು. ಆ ಪಂದ್ಯವನ್ನು ಪೂರ್ತಿ ಮಾಡಿದ ಮೊದಲ ಭಾರತೀಯ ಅವರು. 2019ರಲ್ಲಿ ಉಡುಪಿ ಕಡೆಯ ಕೆ. ಪಿ. ಅರವಿಂದ್ 37ನೆಯವರಾಗಿ ಮುಗಿಸಿದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಜಾ ಪಂದ್ಯಗಳ ಮಹಿಳಾ ವಿಭಾಗದ ವಿಶ್ವಕಪ್ ಗೆದ್ದರು. ಮೂರೂ ದೊಡ್ಡ ಸುದ್ದಿಗಳು. ಮೂರೂ ನಮ್ಮ ಕಡೆಯವರವು. ಆದರೆ 2019ರ ಡಕಾರ್ ಪೂರ್ತಿಯಾಗಿ ಪೆರುವಿನಲ್ಲಿ ನಡೆಯಿತು, ಅದರ ಬಹುಪಾಲು ಮರಳು ದಿಬ್ಬಗಳ ಮೇಲೆಯೇ ಹಾದುಹೋಗಿತ್ತು ಎಂಬುದು ಅರವಿಂದ್ ಅವರ 37ನೇ ಸ್ಥಾನದ ಅರ್ಥವನ್ನೇ ಬದಲಿಸುವ ಸಂಗತಿ. ನಮಗೆ ಸಿಕ್ಕಿದ್ದು ‘ರೋಚಕ’, ‘ಮೈನವಿರೇಳಿಸುವ’, ‘ಮಿಂಚಿನ ವೇಗ’ ಎಂಬ ಮೂರು ಪದಗಳು. ಈ ಮೂರನ್ನು ಕ್ರಿಕೆಟ್ಟಿಗೂ ಬಳಸಬಹುದು, ಸಿನಿಮಾದ ಹೊಡೆದಾಟಕ್ಕೂ ಬಳಸಬಹುದು, ಬಳಸುತ್ತಲೂ ಇದ್ದಾರೆ. ಎರಡು ವರ್ಷಗಳ ನಂತರ ಅರವಿಂದ್ ಬಿಗ್ ಬಾಸ್ ಮನೆಯೊಳಗೆ ಹೋದಾಗ ಕನ್ನಡದ ಮನೆಮನೆಗೂ ಪರಿಚಿತರಾದರು. ಬೈಕೇ ಇಲ್ಲದ, ಒಂದಡಿ ಮರಳೂ ಇಲ್ಲದ ಮನೆಯಲ್ಲಿ ಅವರನ್ನು ನಾವು ನೂರಕ್ಕೂ ಹೆಚ್ಚು ದಿನ ನೋಡಿದೆವು.

ಕನ್ನಡ ಗದ್ಯದಲ್ಲಿ ದಾರಿ ಮತ್ತು ವಾಹನ ಎಂಬುದು ನನ್ನ ಸಂಶೋಧನೆಯ ವಿಷಯವಾದ್ದರಿಂದ ಈ ಕೊರತೆ ನನಗೆ ಬರೀ ಕ್ರೀಡಾ ಪುಟದ ತೊಂದರೆಯಾಗಿ ಕಾಣುವುದಿಲ್ಲ. ನೆಲವನ್ನು ಬಿಟ್ಟರೆ ಎಂಡ್ಯೂರೋ ಎಂಬ ಆಟದಲ್ಲಿ ಹೇಳಲು ಏನೂ ಉಳಿಯುವುದಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಎಂಡ್ಯೂರೋ ಎಂದರೆ ಎಲ್ಲರೂ ಒಟ್ಟಿಗೆ ಹೊರಟು ಮೊದಲು ಬಂದವನು ಗೆಲ್ಲುವ ಓಟವಲ್ಲ. ಸವಾರರು ನಿಮಿಷಕ್ಕಿಷ್ಟು ಜನರಂತೆ ಹೊರಡುತ್ತಾರೆ. ಕಾಡು, ಹಳ್ಳ, ದಿಣ್ಣೆ, ಮರಳು ದಾಟಿ ಒಂದೊಂದು ತಪಾಸಣಾ ಜಾಗಕ್ಕೆ ಗೊತ್ತುಮಾಡಿದ ನಿಮಿಷಕ್ಕೇ ತಲುಪಬೇಕು. ಒಂದು ನಿಮಿಷ ತಡವಾದರೆ 60 ಸೆಕೆಂಡು ದಂಡ. ಒಂದು ನಿಮಿಷ ಬೇಗ ಬಂದರೂ ದಂಡವೇ! ನಡುವೆ ಕೆಲವು ತುಣುಕುಗಳಲ್ಲಿ ಮಾತ್ರ ಗಡಿಯಾರ ಹಿಡಿದು ವೇಗ ಅಳೆಯುತ್ತಾರೆ. ಬೈಕು ಕೆಟ್ಟರೆ ಸವಾರನೇ ರಿಪೇರಿ ಮಾಡಿಕೊಳ್ಳಬೇಕು. 1913ರಲ್ಲಿ ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ ಶುರುವಾದ ‘ಇಂಟರ್‌ನ್ಯಾಷನಲ್ ಸಿಕ್ಸ್ ಡೇಸ್ ಟ್ರಯಲ್’ ಇದರ ಮೂಲ. 1981ರಲ್ಲಿ ಅದರ ಹೆಸರಿನ ಕೊನೆಗೆ ‘ಎಂಡ್ಯೂರೋ’ ಸೇರಿತು. ಆರು ದಿನ ಯಂತ್ರವೂ ಮನುಷ್ಯನೂ ಬಾಳಿಕೆ ಬರುತ್ತಾರೆಯೇ ಎಂಬುದಷ್ಟೇ ಅದರ ಪ್ರಶ್ನೆಯಾಗಿತ್ತು. ಪಠ್ಯಪುಸ್ತಕದವರು ಇದನ್ನು ‘ಸಹಿಷ್ಣುತಾ ಪಂದ್ಯ’ ಎಂದಾರು. ನನಗೆ ‘ತಾಳಿಕೆ’ ಎಂಬ ಪದ ಹತ್ತಿರದ್ದೆನಿಸುತ್ತದೆ. ತಾಳಿದವನು ಬಾಳಿಯಾನು ಎನ್ನುವ ಭಾಷೆಯಲ್ಲಿ ಈ ಆಟಕ್ಕೆ ವೇಗದ ಪದಗಳನ್ನೇ ಹುಡುಕಿಕೊಂಡು ಹೋಗಿರುವುದು ವಿಚಿತ್ರ.

ಇದು ಪರದೇಶದ ಆಟ, ನಮಗೇಕೆ ಎನ್ನುವವರಿಗೆ ಒಂದು ಸಣ್ಣ ನೆನಪು. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ನಡೆದ ಐಡಿಯಲ್ ಜಾವಾ ಕಾರ್ಖಾನೆ ನಮಗೆ ಜಾವಾ, ಯೆಜ್ಡಿಗಳನ್ನು ಕೊಟ್ಟಿತು. ಆ ಬೈಕುಗಳ ಮೂಲವಾದ ಜೆಕೊಸ್ಲೊವಾಕಿಯಾದ ಜಾವಾ, ಸಿಕ್ಸ್ ಡೇಸ್ ಪಂದ್ಯದ ಅತಿ ದೊಡ್ಡ ಹೆಸರುಗಳಲ್ಲೊಂದು. ಅಂದರೆ ಮಲೆನಾಡಿನ, ಕೊಡಗಿನ ತೋಟದ ಏರುಗಳಲ್ಲಿ ಎರಡು ಮೂಟೆ ಗೊಬ್ಬರ ಹೇರಿಕೊಂಡು ಹತ್ತುತ್ತಿದ್ದ ಯೆಜ್ಡಿಯ ವಂಶದಲ್ಲೇ ಈ ತಾಳಿಕೆ ಇತ್ತು. ಅದನ್ನು ಯಾರೂ ಪಂದ್ಯ ಎಂದು ಕರೆಯಲಿಲ್ಲ ಅಷ್ಟೆ.

ಪೊನ್ನಂಪೇಟೆಯಲ್ಲಿ ನನ್ನ ಚಿಕ್ಕಮ್ಮನ ಮನೆಯಿದೆ. ದಕ್ಷಿಣ ಕೊಡಗಿನ ತೋಟಗಳ ಮಣ್ಣುದಾರಿಗಳಲ್ಲಿ ಕಾರ್ ರ‍್ಯಾಲಿ ನಡೆಯುವುದು, ಕೊಯ್ಲಾದ ಗದ್ದೆಯಲ್ಲಿ ಜೀಪು ಓಡಿಸುವುದು ಅಲ್ಲಿಯವರಿಗೆ ಹೊಸತಲ್ಲ. ಬೈಕುಗಳ ಎಂಡ್ಯೂರೋ ಮಾತ್ರ ಇನ್ನೂ ಸ್ನೇಹಿತರ ಕೂಟದ ಮಟ್ಟದ್ದು. ಕಳೆದ ಫೆಬ್ರವರಿ ಕೊನೆಯಲ್ಲಿ ಅಂಥದೊಂದು ಕೂಟದಲ್ಲಿ ನಾನೂ ಓಡಿಸಿದೆ. ರೋಬಸ್ಟಾ ಕೊಯ್ಲು ಮುಗಿಯುತ್ತಾ ಬಂದಿತ್ತು, ಹೂಮಳೆ ಇನ್ನೂ ಬಂದಿರಲಿಲ್ಲ. ಸುಮಾರು ಏಳು ಕಿಲೋಮೀಟರಿನ ಒಂದು ಸುತ್ತು, ಅದನ್ನು ನಾಲ್ಕು ಸಲ. ಸಿಲ್ವರ್ ಓಕ್ ಸಾಲಿನ ನಡುವಿನ ಕೆಮ್ಮಣ್ಣಿನ ದಾರಿ, ತರಗೆಲೆ ಮುಚ್ಚಿದ ಇಳಿಜಾರು, ಒಂದು ತೋಡು, ಅದರಾಚೆ ಬಿದಿರು ಮತ್ತು ಮರಗಳ ನಡುವೆ ಸುಮಾರು ನಾನೂರು ಮೀಟರ್ ಮರಳು.

ಕೊಡಗಿನಲ್ಲಿ ಮರಳೇ? ಓದುಗರಿಗೆ ಅನುಮಾನ ಬರುವುದು ಸಹಜ. ಕೊಡಗೆಂದರೆ ಕಾಲಿಗೆ ಮೆತ್ತಿಕೊಳ್ಳುವ ಕೆಂಪು ಅಂಟುಮಣ್ಣು. ಆ ಮರಳಿನ ಕಥೆ ಮುಂದೆ ಬರುತ್ತದೆ. ಮೊದಲು ಅದರ ಮೇಲೆ ಓಡಿಸುವುದು ಹೇಗೆ ಎಂಬುದನ್ನು ಹೇಳಬೇಕು, ಯಾಕೆಂದರೆ ನನ್ನ ವಾದ ನಿಂತಿರುವುದು ಅಲ್ಲೇ.

ಗಟ್ಟಿ ನೆಲದಲ್ಲಿ ಬೈಕು ನೀವು ತಿರುಗಿಸಿದ ಕಡೆ ಹೋಗುತ್ತದೆ. ಮರಳಿನಲ್ಲಿ ಅದು ತನ್ನ ಪಾಡಿಗೆ ತಾನು ದಾರಿ ಹುಡುಕುತ್ತದೆ. ಮುಂದಿನ ಚಕ್ರ ಎಡಕ್ಕೂ ಬಲಕ್ಕೂ ತೊನೆಯುತ್ತದೆ, ಮೂಗಿಗೆ ಹಗ್ಗ ಹಾಕದ ಹೋರಿಯ ಹಾಗೆ. ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದು ಸರಿಮಾಡಹೊರಟರೆ ಬಿದ್ದಿರಿ ಎಂದೇ ಅರ್ಥ. ಹೆದರಿ ಆಕ್ಸಿಲರೇಟರ್ ಬಿಟ್ಟರೆ ಭಾರವೆಲ್ಲ ಮುಂದಕ್ಕೆ ಬಂದು ಚಕ್ರ ನೇಗಿಲಿನಂತೆ ಒಳಕ್ಕೆ ಊರುತ್ತದೆ. ಹಾಗಾಗಿ ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿ, ಫುಟ್‌ರೆಸ್ಟ್ ಮೇಲೆ ಎದ್ದು ನಿಂತು, ಮೈಯನ್ನು ಹಿಂದಕ್ಕೆ ಒಯ್ದು, ಮೊಣಕಾಲಿನಿಂದ ಟ್ಯಾಂಕನ್ನು ಅವುಚಿ, ಕೈ ಸಡಿಲ ಬಿಟ್ಟು, ಒಂದೇ ಹದದಲ್ಲಿ ರೇಸ್ ಕೊಡುತ್ತಾ ಇರಬೇಕು. ಕಣ್ಣು ಮುಂದಿನ ಚಕ್ರದ ಮೇಲಲ್ಲ, ಇಪ್ಪತ್ತು ಮೂವತ್ತು ಅಡಿ ದೂರದಲ್ಲಿರಬೇಕು. ಮೊದಲ ಸುತ್ತಿನಲ್ಲಿ ಮರಳು ಸಪಾಟಾಗಿರುತ್ತದೆ. ಮೂರನೇ ಸುತ್ತಿನ ಹೊತ್ತಿಗೆ ಅಲ್ಲಿ ಮೊಣಕಾಲಾಳದ ಚಾಲುಗಳು ಬಿದ್ದಿರುತ್ತವೆ, ಯಾವ ಚಾಲಿಗೆ ಇಳಿದರೆ ಅದು ಎಲ್ಲಿಗೆ ಒಯ್ದು ಬಿಡುತ್ತದೆ ಎಂದು ಮೊದಲೇ ಊಹಿಸಬೇಕು. ನೆರಳಿನಲ್ಲಿರುವ ಮರಳಿಗೆ ತೇವವಿರುತ್ತದೆ, ಹಿಡಿತ ಸಿಗುತ್ತದೆ. ಬಿಸಿಲು ಬಿದ್ದ ಕಡೆ ಅದು ಹಿಟ್ಟು. ಎಲೆಯ ಸಂದಿಯಿಂದ ಬೆಳಕು ಚುಕ್ಕಿಚುಕ್ಕಿಯಾಗಿ ಬೀಳುವ ಕಾಡಂಚಿನಲ್ಲಿ ಎರಡು ಮಾರಿಗೊಮ್ಮೆ ನೆಲದ ಗುಣ ಬದಲಾಗುತ್ತಿರುತ್ತದೆ.

ಇದರಲ್ಲಿ ವೇಗ ಎಲ್ಲಿದೆ? ಆ ನಾನೂರು ಮೀಟರಿನಲ್ಲಿ ನಮ್ಮಲ್ಲಿ ಹೆಚ್ಚಿನವರ ಬೈಕು ಸೈಕಲ್ಲಿಗಿಂತ ಸ್ವಲ್ಪ ಜೋರಾಗಿ ಹೋಗುತ್ತಿತ್ತು. ಮೈಯೊಳಗೆ ನಡೆಯುತ್ತಿದ್ದುದು ನೆಲದ ಜೊತೆಗಿನ ನಿರಂತರ ಮಾತುಕತೆ. ಅಂಗಾಲು ಕೇಳುತ್ತದೆ, ಮೊಣಕಾಲು ಉತ್ತರ ಕೊಡುತ್ತದೆ. ಒಳ್ಳೆಯ ಸವಾರ ಎಂದರೆ ಧೈರ್ಯವಂತ ಎಂದು ಹೇಳುವುದು, ಒಳ್ಳೆಯ ಓದುಗ ಎಂದರೆ ಒಳ್ಳೆಯ ಕಣ್ಣಿರುವವನು ಎಂದು ಹೇಳಿದಷ್ಟೇ ಸರಿ.

ಆ ಮರಳಿದ್ದ ಜಾಗದ ಯಜಮಾನರು ಬೇಲಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಪ್ಪತ್ತರ ಆಸುಪಾಸಿನವರು. ಸುತ್ತುಗಳ ನಡುವೆ ನೀರು ಕುಡಿಯಲು ನಿಂತಾಗ, “ಅಂಕಲ್, ಇಷ್ಟು ಚೆನ್ನಾಗಿರೋ ಸ್ಯಾಂಡ್ ಇಲ್ಲಿಗೆ ಹೇಗೆ ಬಂತು?” ಎಂದು ನಮ್ಮಲ್ಲೊಬ್ಬ ಕೇಳಿದ.

“ಬಂತಲ್ಲ ಮಾರಾಯ, ನಾವು ಕರೀಲಿಲ್ಲ. ಇದು ಗದ್ದೆ. ಹೊಳೆ ತಂದು ಹಾಕಿ ಹೋಯ್ತು” ಎಂದರು.

2018ರ ಮಳೆಗಾಲ ಕೊಡಗಿಗೆ ಏನು ಮಾಡಿತು ಎಂಬುದು ನಾಡಿಗೆಲ್ಲ ಗೊತ್ತು. ಮರುವರ್ಷ ಆಗಸ್ಟ್‌ನಲ್ಲಿ ದಕ್ಷಿಣ ಕೊಡಗಿನ ಸರದಿ. ಬ್ರಹ್ಮಗಿರಿಯಲ್ಲಿ ಹುಟ್ಟಿ, ಇರ್ಪುವಿನಲ್ಲಿ ಧುಮುಕಿ, ಈ ಗದ್ದೆಬಯಲುಗಳ ನಡುವೆ ಹರಿಯುವ ಲಕ್ಷ್ಮಣತೀರ್ಥ ಉಕ್ಕಿತು, ಅದಕ್ಕೆ ಸೇರುವ ತೋಡುಗಳೂ ಉಕ್ಕಿದವು. ನೀರು ಇಳಿದ ಮೇಲೆ ಹಲವು ಗದ್ದೆಗಳ ಮೇಲೆ ಹೂಳು, ಮರಳು ಉಳಿಯಿತು. ಮೆಕ್ಕಲು ಮಣ್ಣು ಬಂದರೆ ಭತ್ತಕ್ಕೆ ವರ, ಮರಳು ಬಂದರೆ ಶಾಪ, ನೀರು ನಿಲ್ಲುವುದಿಲ್ಲ. ಅದನ್ನು ಯಂತ್ರ ತಂದು ತೆಗೆಸುವ ಖರ್ಚು ಆ ಗದ್ದೆಯ ಕೆಲವು ವರ್ಷಗಳ ಭತ್ತದ ಹಣಕ್ಕಿಂತ ಹೆಚ್ಚು. ಆಳು ಸಿಗದೆ ಕೊಡಗಿನ ಎಷ್ಟೋ ಗದ್ದೆಗಳು ಮೊದಲೇ ಪಾಳು ಬೀಳತೊಡಗಿದ್ದವು, ಇದೂ ಬಿದ್ದಿತು. ಬದುವಿನ ಮೇಲೆ ಬಿದಿರು ಹಬ್ಬಿತು. ನಮಗೆ ಪಂದ್ಯದ ಅತ್ಯುತ್ತಮ ತುಣುಕು ಸಿಕ್ಕಿತು.

ಇಲ್ಲಿಂದ ನನಗೆ ಹಂಟರ್ ಥಾಂಪ್ಸನ್ ನೆನಪಾಗದೆ ಇರುವುದಿಲ್ಲ. ಮಣ್ಣುದಾರಿಯ ಮೋಟಾರ್‌ಸೈಕಲ್ ಪಂದ್ಯವೊಂದರಿಂದ ಹುಟ್ಟಿದ ಜಗತ್ತಿನ ಅತಿ ಪ್ರಸಿದ್ಧ ಪುಸ್ತಕ ಅವನ ‘ಫಿಯರ್ ಅಂಡ್ ಲೋದಿಂಗ್ ಇನ್ ಲಾಸ್ ವೇಗಸ್’. 1971ರಲ್ಲಿ ನೆವಾಡಾ ಮರುಭೂಮಿಯಲ್ಲಿ ನಡೆದ ಮಿಂಟ್ 400 ಪಂದ್ಯದ ಫೋಟೋಗಳಿಗೆ 250 ಪದಗಳ ಅಡಿಟಿಪ್ಪಣಿ ಬರೆದುಕೊಡಿ ಎಂದು ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ಪತ್ರಿಕೆ ಅವನನ್ನು ಕಳುಹಿಸಿತ್ತು. ಅವನು ಹತ್ತು ಪಟ್ಟು ಬರೆದ, ಅವರು ಬೇಡವೆಂದರು, ಅದು ಬೆಳೆದು ಪುಸ್ತಕವಾಯಿತು. ಆ ಪುಸ್ತಕದಲ್ಲಿ ಪಂದ್ಯ ಶುರುವಾದ ಸ್ವಲ್ಪ ಹೊತ್ತಿಗೆ ಧೂಳು ಎದ್ದು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಯಾರು ಮುಂದೆ, ಯಾರು ಹಿಂದೆ ಗೊತ್ತಾಗುವುದಿಲ್ಲ. ವರದಿಗಾರ ಕೈಚೆಲ್ಲಿ ಹೊರಟುಹೋಗುತ್ತಾನೆ.

ಇದನ್ನು ಪತ್ರಿಕೋದ್ಯಮದ ಮೇಲಿನ ದೊಡ್ಡ ವ್ಯಂಗ್ಯ ಎಂದು ಓದುವುದು ರೂಢಿ. ನಾನೂ ತರಗತಿಯಲ್ಲಿ ಹಾಗೆಯೇ ಕಲಿತದ್ದು. ಈಗ ನನಗೆ ಅಲ್ಲಿ ಇನ್ನೊಂದು ಕಾಣುತ್ತದೆ. ಧೂಳು ಪಂದ್ಯವನ್ನು ಮುಚ್ಚಿತು ಎನ್ನುತ್ತೇವೆ; ಆದರೆ ಆ ಧೂಳು ಎಂದರೆ ನೆಲವೇ ತಾನೆ? ಎದ್ದು ಬಂದು ಮುಖಕ್ಕೆ ರಾಚಿದ ನೆಲವನ್ನು ಥಾಂಪ್ಸನ್ ಅಡ್ಡಿಯೆಂದು ಮಾತ್ರ ನೋಡಿದ. ಅವನಿಗೆ ಬೇಕಿದ್ದುದು ಅಮೆರಿಕದ ಕನಸಿನ ಶವಪರೀಕ್ಷೆ. ಆ ಕೆಲಸವನ್ನು ಅವನು ಮಾಡಿದ ರೀತಿ ಯಾರಿಗೂ ಬರುವುದಿಲ್ಲ, ಒಪ್ಪಿದೆ. ಆದರೆ ಕಣ್ಣಿಗೆ ಕಾಣದಿದ್ದರೆ ಬರೆಯಲು ಏನೂ ಇಲ್ಲ ಎಂಬ ಆ ತೀರ್ಮಾನ ಪ್ರೇಕ್ಷಕರ ಕಟ್ಟೆಯ ಮೇಲೆ ನಿಂತವನದು. ಧೂಳಿನೊಳಗಿದ್ದ ಸವಾರರಿಗೂ ಏನೂ ಕಾಣುತ್ತಿರಲಿಲ್ಲ, ಅವರು ಅಂಗಾಲಿನಿಂದ ಓದಿಕೊಂಡು ಹೋದರು.

ಅದೇ ವರ್ಷ ಬಂದ ಬ್ರೂಸ್ ಬ್ರೌನ್ ಅವರ ಸಾಕ್ಷ್ಯಚಿತ್ರ ‘ಆನ್ ಎನಿ ಸಂಡೇ’ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ನಟ ಸ್ಟೀವ್ ಮೆಕ್ವೀನ್ ಅದಕ್ಕೆ ಹಣ ಹಾಕಿದ್ದ. ಅವನು ಸ್ವತಃ 1964ರಲ್ಲಿ ಪೂರ್ವ ಜರ್ಮನಿಯ ಸಿಕ್ಸ್ ಡೇಸ್ ಪಂದ್ಯದಲ್ಲಿ ಅಮೆರಿಕದ ತಂಡದಲ್ಲಿ ಓಡಿಸಿದ್ದವನು. ಈ ಚಿತ್ರದಲ್ಲಿ ಮಾಲ್ಕಮ್ ಸ್ಮಿತ್ ಎಂಬ ಸವಾರನನ್ನು ನೋಡಬೇಕು. ಅವನು ಓಡಿಸುವಾಗ ಏನೂ ನಡೆಯುತ್ತಿಲ್ಲವೇನೋ ಎನಿಸುತ್ತದೆ. ಕಲ್ಲಿನ ಮೇಲೂ ಕೆಸರಿನಲ್ಲೂ ಒಂದೇ ನಿರಾಳ. ಬ್ರೌನ್ ನಿಧಾನಗತಿಯ ಚಿತ್ರೀಕರಣ ಬಳಸಿ ಆ ನಿರಾಳದೊಳಗಿನ ದುಡಿಮೆಯನ್ನು ತೋರಿಸುತ್ತಾರೆ. ಕೊನೆಯಲ್ಲಿ ಮೂವರು ಗೆಳೆಯರು ಕಡಲ ದಂಡೆಯ ಮರಳಿನಲ್ಲಿ ಸುಮ್ಮನೆ ಬೈಕು ಓಡಿಸುತ್ತಾರೆ, ಸ್ಪರ್ಧೆಯಿಲ್ಲ. ಚೆಂದವಾದ ಭಾಗವೇ. ಆದರೆ ಆ ದಂಡೆ ಯಾರದೂ ಅಲ್ಲದ ಜಾಗದಂತೆ, ಸೂರ್ಯಾಸ್ತಕ್ಕೆಂದೇ ಹಾಸಿಟ್ಟ ಚಾಪೆಯಂತೆ ಇದೆ. ನನ್ನ ತಕರಾರು ಅಲ್ಲಿ.

ಈಗಿನ ಹೆಲ್ಮೆಟ್ ಕ್ಯಾಮೆರಾಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಓಡಿಸಿದ ಯಾರನ್ನೇ ಕೇಳಿ, ವಿಡಿಯೋದಲ್ಲಿ ಏರು ಏರಾಗಿ ಕಾಣುವುದಿಲ್ಲ ಎಂದೇ ಹೇಳುತ್ತಾರೆ. ಅಗಲ ಕಣ್ಣಿನ ಲೆನ್ಸು ಬೆಟ್ಟವನ್ನು ಬಯಲು ಮಾಡುತ್ತದೆ.

ಹಾಗಾದರೆ ಕನ್ನಡಕ್ಕೆ ಈ ಶಕ್ತಿಯೇ ಇಲ್ಲವೇ? ಇದೆ, ಬೇರೆ ಕಪಾಟಿನಲ್ಲಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಮಲೆನಾಡಿಗೆ ಮೊದಲ ಸೈಕಲ್ಲು ಬರುವ ಪ್ರಸಂಗ ಎಲ್ಲರಿಗೂ ನೆನಪಿರುತ್ತದೆ. ಹಳ್ಳಿಯವರ ಬಾಯಲ್ಲಿ ಅದು ‘ಬೀಸೆಕಲ್ಲು’ ಆಗುತ್ತದೆ. ನಾವದನ್ನು ನಕ್ಕು ಮುಂದೆ ಹೋಗುತ್ತೇವೆ. ಆದರೆ ಆ ಪದದ ತಮಾಷೆಯಲ್ಲಿ ಒಂದು ವಿವೇಕವಿದೆ: ಹೊರಗಿನಿಂದ ಬಂದ, ಸುತ್ತುವ ಯಂತ್ರವನ್ನು ಜನ ತಮ್ಮ ಮನೆಯೊಳಗಿನ ಸುತ್ತುವ ಕಲ್ಲಿಗೆ ಹೋಲಿಸಿ ಹೆಸರಿಟ್ಟರು. ಯಂತ್ರ ಈ ನೆಲಕ್ಕೆ ಬಂದರೆ ಈ ನೆಲದ ಪದದೊಳಗೇ ಬರಬೇಕಾಯಿತು. ನಮ್ಮ ಕ್ರೀಡಾ ವರದಿಗಾರರು ಇದರ ತಿರುಗುಮುರುಗು ಮಾಡುತ್ತಾರೆ. ನೆಲವನ್ನು ಯಂತ್ರದ ಪದದೊಳಗೆ ತರುತ್ತಾರೆ. ತೋಡು ‘ವಾಟರ್ ಕ್ರಾಸಿಂಗ್’ ಆಗುತ್ತದೆ, ಗದ್ದೆ ‘ಸ್ಯಾಂಡ್ ಸೆಕ್ಷನ್’ ಆಗುತ್ತದೆ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಇನ್ನೂ ಹತ್ತಿರ. ಅದರಲ್ಲಿ ಮೋಟಾರ್‌ಸೈಕಲ್ ಪಂದ್ಯವಿಲ್ಲ, ಹಾರುವ ಓತಿಯ ಹುಡುಕಾಟವಿದೆ. ಮಂದಣ್ಣ ಕಾಡಿನಲ್ಲಿ ಗುರುತುಗಳನ್ನು ಹಿಡಿದು ಹೋಗುವುದನ್ನು ತೇಜಸ್ವಿ ಬರೆಯುವಾಗ ಗದ್ಯ ಅವನ ಹೆಜ್ಜೆಯ ಲಯಕ್ಕೆ ಇಳಿಯುತ್ತದೆ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತದೆ. ಮಂದಣ್ಣನ ತಿಳಿವಳಿಕೆ ಪುಸ್ತಕದ್ದಲ್ಲ, ಮೈಯದು. ಅದನ್ನು ವಿಜ್ಞಾನಿ ಕರ್ವಾಲೊ ಗೌರವಿಸುತ್ತಾರೆ. ಒಳ್ಳೆಯ ಎಂಡ್ಯೂರೋ ಸವಾರನ ತಿಳಿವಳಿಕೆಯೂ ಈ ಜಾತಿಯದೇ. ಅದಕ್ಕೆ ಬೇಕಾದ ಪದಗಳಿಗೂ ನಮ್ಮಲ್ಲಿ ಬರವಿಲ್ಲ. ಮರಳು, ಹಳೆಯ ಮಳಲು, ಹೂಳು, ಮೆಕ್ಕಲು, ಜೇಡಿ, ಜೌಗು, ಗೊಚ್ಚು, ನೊರಜು: ಒಬ್ಬ ರೈತ ಕಾಲಿಟ್ಟ ಕೂಡಲೇ ಬೇರೆಬೇರೆಯಾಗಿ ಗುರುತಿಸುವ ಇವೆಲ್ಲವೂ ಸವಾರನಿಗೂ ಬೇರೆಬೇರೆಯೇ. ಇಬ್ಬರೂ ಒಂದೇ ನಿಘಂಟನ್ನು ಹಂಚಿಕೊಳ್ಳಬಹುದಿತ್ತು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ, ಅದನ್ನು ತಪ್ಪಿಸಿಕೊಂಡು ಹೋಗಲು ನನಗೆ ಇಷ್ಟವಿಲ್ಲ. ಕಾಡಂಚಿನಲ್ಲಿ ಬೈಕುಗಳೇ ಯಾಕೆ ಬೇಕು? ಮಂದಣ್ಣನಿಗೆ ಎಂಜಿನ್ ಇರಲಿಲ್ಲ. ಪೊನ್ನಂಪೇಟೆ ತಾಲ್ಲೂಕಿನ ಒಂದು ಬದಿ ನಾಗರಹೊಳೆ. ಆನೆ ತೋಟಕ್ಕೆ ಬರುವುದು ಅಲ್ಲಿ ದಿನದ ಮಾತು. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಅಲ್ಲಿ ಕೊಂಬೆ ಕಡಿಯುವುದಕ್ಕೂ ಜನ ಅಂಜುತ್ತಾರೆ. ಡಕಾರ್ ಪಂದ್ಯವೇ ಆಫ್ರಿಕದ ಬಡ ಹಳ್ಳಿಗಳ ನಡುವೆ ಹಾಯುತ್ತಿದ್ದ ಕಾಲದಲ್ಲಿ ಫ್ರೆಂಚ್ ಗಾಯಕ ರೆನೋ ಅದನ್ನು ಜರೆದು 1991ರಲ್ಲಿ ಒಂದು ಹಾಡನ್ನೇ ಕಟ್ಟಿದ. ಆ ಸಿಟ್ಟು ನ್ಯಾಯವಾದದ್ದು. ಮೀಸಲು ಅರಣ್ಯದೊಳಗೆ ಬೈಕು ನುಗ್ಗಿಸುವವರ ಪರವಾಗಿ ನನ್ನಲ್ಲಿ ಒಂದೂ ಮಾತಿಲ್ಲ. ನಾವು ಓಡಿಸಿದ್ದು ಖಾಸಗಿ ತೋಟದಲ್ಲಿ, ಮಾಲೀಕರನ್ನು ಕೇಳಿ, ಕತ್ತಲಾಗುವ ಮೊದಲು ಮುಗಿಸಿ. ದೇವರಕಾಡಿನಿಂದ ದೂರ ದಾರಿ ಹಾಕಿದ್ದರು. ಅಷ್ಟಕ್ಕೇ ಪ್ರಶ್ನೆ ತೀರಿತು ಎಂದು ನಾನು ಹೇಳಲಾರೆ. ಆದರೆ ಒಂದು ಮಾತು ಹೇಳಬಲ್ಲೆ: ನೆಲದ ಹೆಸರು ಎತ್ತದ ಗದ್ಯವೇ ನುಗ್ಗುವವರಿಗೆ ಅನುಕೂಲ. ‘ರೋಮಾಂಚಕ ಟ್ರ್ಯಾಕ್’ ಎಂದು ಬರೆದ ಕಡೆ ಆನೆಯೂ ಇರುವುದಿಲ್ಲ, ದೇವರೂ ಇರುವುದಿಲ್ಲ, ಪ್ರವಾಹ ತಿಂದ ಗದ್ದೆಯೂ ಇರುವುದಿಲ್ಲ. ಯಾರು ಬೇಕಾದರೂ ಬರಬಹುದು.

ಬೇರೆ ಥರ ಬರೆಯಬಹುದು ಎನ್ನುವುದಕ್ಕೆ ಉದಾಹರಣೆ ಕೊಡಗಿನಲ್ಲೇ ಇದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದ ವರದಿಗಳನ್ನು ನೋಡಿ. ಪ್ರತಿ ವರ್ಷ ಒಂದೊಂದು ಒಕ್ಕ ಅದನ್ನು ನಡೆಸುತ್ತದೆ, ಹಬ್ಬಕ್ಕೆ ಆ ಒಕ್ಕದ ಹೆಸರೇ ಬೀಳುತ್ತದೆ. ವರದಿಯ ಸಾಲುಗಳು ಮನೆತನದ ಹೆಸರುಗಳಿಂದಲೇ ತುಂಬಿರುತ್ತವೆ. ಯಾರ ಮೈದಾನ, ಯಾರ ಮಗ, ಯಾವ ಮನೆಗೆ ಸೊಸೆಯಾಗಿ ಹೋದವಳು ಈಗ ಯಾವ ತಂಡದಲ್ಲಿ ಆಡುತ್ತಿದ್ದಾಳೆ. ಹೊರಗಿನವನಿಗೆ ಅದು ಪಟ್ಟಿಯಂತೆ ಕಾಣಬಹುದು. ಒಳಗಿನವರಿಗೆ ಅದು ವಂಶಾವಳಿ ಮತ್ತು ಭೂಪಟ ಎರಡೂ ಹೌದು. ಗೋಲುಗಳ ಲೆಕ್ಕ ಕೊನೆಗೆ ಬಂದರೂ ನಡೆಯುತ್ತದೆ.

ನಮ್ಮ ಕೂಟದ ಫಲಿತಾಂಶ ಅದೇ ರಾತ್ರಿ ವಾಟ್ಸಾಪಿನಲ್ಲಿ ಬಂತು. ಸವಾರರ ಹೆಸರು, ಬೈಕಿನ ಸಿಸಿ, ದಂಡದ ನಿಮಿಷಗಳು, ಮೂರು ಪರೀಕ್ಷಾ ತುಣುಕುಗಳ ಸಮಯ. ಮೂರನೆಯದರ ಮೇಲೆ ಇಂಗ್ಲಿಷಿನಲ್ಲಿ ‘ಸ್ಯಾಂಡ್’ ಎಂದು ಬರೆದಿತ್ತು. ಮರುದಿನ ಬೆಳಿಗ್ಗೆ ಕಂಬ, ರಿಬ್ಬನ್ನು ಕೀಳಲು ಹೋದಾಗ ಯಜಮಾನರು ಅಲ್ಲೇ ಇದ್ದರು. ಚಾಲು ಬಿದ್ದ ಮರಳನ್ನು ಕೋಲಿನಿಂದ ಕೆದಕುತ್ತಾ, ಒಂದು ಕಡೆ ಅದು ಎರಡಡಿ ಆಳ ಇದ್ದದ್ದು ಈಗ ಗೊತ್ತಾಯಿತು, ಕೆಳಗೆ ಕರಿಮಣ್ಣು ಹಾಗೇ ಇದೆ ಎಂದರು. ಗದ್ದೆಗೆ ಏನಾದರೂ ಹೆಸರಿದೆಯೇ ಎಂದು ಕೇಳಿದೆ. ಇದೆ, ಅವರ ಅಜ್ಜನ ಕಾಲದಿಂದ ಇದಕ್ಕೆ ಕೊಕ್ಕರೆ ಗದ್ದೆ ಅಂತಲೇ ಹೆಸರು, ಉಳುವಾಗ ಹಿಂದೆಯೇ ಸಾಲುಗಟ್ಟಿ ಬರುತ್ತಿದ್ದವಂತೆ.